ಬೆಂಕಿ ಕಾಣದ ಗ್ಯಾಸ್ ಟ್ಯಾಂಕು

ಬೋಗಾದಿ, ಮೈಸೂರು
9-2-2025, ಭಾನುವಾರ

ಚಿರಂಜೀವಿ ಯೋಗೇಂದ್ರನಿಗೆ,

ನಿನ್ನ ಸೋದರಮಾವ ಬೆಟ್ಟಯ್ಯ ಬರೆಯುವುದು. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನಂಜನಗೂಡಿನಲ್ಲಿ ನೀನೂ ನಮ್ಮಕ್ಕ ಸುಮಿತ್ರಮ್ಮನೂ ಹಾಗೇ ಇರಬೇಕು. ಸಂಕ್ರಾಂತಿಗೇ ಬರೆಯಬೇಕಿತ್ತು, ತಡವಾಯಿತು, ಬೈದುಕೋ. ಫೋನಿನಲ್ಲಾದರೆ ನೀನು "ಆಯ್ತು ಮಾವ" ಅಂದು ಇಟ್ಟುಬಿಡುತ್ತೀಯ.

ಸುದ್ದಿ ಕೇಳು. ನಮ್ಮ ಹಳೇ ಓಮ್ನಿ ವ್ಯಾನು ಗುಜರಿಗೆ ಹೋಯಿತು. ಅದರ ಗ್ಯಾಸ್ ಟ್ಯಾಂಕು ಉಳಿಸಿಕೊಂಡು ಉಪ್ಪುಕಂಡದ ಮಾಂಸಕ್ಕೆ ಹೊಗೆ ಕೊಡುವ ಗೂಡು ಮಾಡಿಸಿದ್ದೇನೆ. ಮೈಸೂರಿನಲ್ಲಿ ಇಂಥದ್ದು ಇನ್ನೊಂದಿದ್ದರೆ ನನ್ನ ಮೀಸೆ ಬೋಳಿಸು. ನಿನ್ನತ್ತೆ ಚಾಮುಂಡೇಶ್ವರಿ, "ಬಿಸ್ಲಲ್ಲಿ ಒಣಗಾಕಿದ್ರೆ ಆಯ್ತಿರ್ಲಿಲ್ವಾ? ಈ ಬಾಂಬು ಬೇಕಿತ್ತಾ ನಿಮ್ಗೆ?" ಅನ್ನುತ್ತಾಳೆ. ಏಳನೇ ಕ್ಲಾಸಿನ ಇಂಜಿನಿಯರಿಗೆ ಮನೆಯಲ್ಲಿ ಮರ್ಯಾದೆಯಿಲ್ಲ.

ಎಲ್ಲ ಕ್ರಮವಾಗಿ ಮಾಡಿಸಿದೆ. ಗ್ಯಾಸ್ ಕಿಟ್ ಕೂರಿಸುವವರ ಬಳಿಯೇ ಖಾಲಿ ಮಾಡಿಸಿ ವಾಲ್ವ್ ಬಿಚ್ಚಿಸಿದೆ. ನಜರ್‌ಬಾದಿನ ವೆಲ್ಡರ್ ಮಂಟಯ್ಯ ಸೋಪು ಹಾಕಿ ತೊಳೆದು, ಕಂಠಪೂರ್ತಿ ನೀರು ತುಂಬಿ ಎರಡು ದಿನ ಬಿಟ್ಟ. ಆಮೇಲೆ ಹೊಸ ನೀರು ತುಂಬಿ, ನೀರು ಒಳಗಿರುವಂತೆಯೇ ಗರಗಸದಲ್ಲಿ ಕೊಯ್ದ.

"ಯಾಕಣ್ಣ, ಬೀದಿ ಆ ಕಡೆ ನಿಂತ್ಬುಟ್ರಿ? ಹೆದ್ರಿಕೆನಾ?" ಅಂದ.

"ಬೆಟ್ಟಯ್ಯಂಗಾ? ಎಳನೀರು ಕುಡೀತಿವ್ನಿ ಕಣಯ್ಯ" ಅಂದೆ. ಎಳನೀರಿನವನು ಬಂದೇ ಇರಲಿಲ್ಲ.

ಇನ್ನು ಬಾಕಿ ಮೊದಲ ಬೆಂಕಿ. ಮಾಂಸವಿಡದೆ ಬರಿದೇ ಉರಿಸಿ ಬಣ್ಣ, ಜಿಡ್ಡು ಸುಡಬೇಕು. ಗೂಡು ಸಿದ್ಧವಾಗಿ ಹನ್ನೆರಡು ದಿನವಾಯಿತು. ಕಡ್ಡಿ ಗೀರುತ್ತೇನೆ, ಊದಿ ಆರಿಸುತ್ತೇನೆ. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದುಹೋಗಿ ಗೂಡಿನ ಬಾಗಿಲು ತೆಗೆದು ಮುಚ್ಚಿ ಬಂದೆ. ನೀನು ನಮ್ಮ ಮನೆಗೆ ಬಂದು ಮೂರು ವರ್ಷ. ಒಮ್ಮೆ ಬಾ. ನೀನು ವೆಲ್ಡಿಂಗ್ ಬಿಟ್ಟಿದ್ದರೂ ನಿನ್ನ ಕಣ್ಣು ಆ ಕೆಲಸ ಮರೆತಿಲ್ಲವಲ್ಲ. ನೀನು ನೋಡಿ ಸರಿ ಅಂದರೆ ಮಾತ್ರ ಹಚ್ಚುತ್ತೇನೆ.

ಈ ಚಳಿಗೆ ಎಡಗೈ ಬೆರಳು ಮಡಚಲು ಬರುತ್ತದೆಯೇ? ತಾಯಿ ಚಾಮುಂಡಿ ನಿನ್ನ ಎರಡೂ ಕೈ ಕಾಯಲಿ.

ಇಂತಿ,
ನಿನ್ನ ಮಾವ ಬೆಟ್ಟಯ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದ್ದು. ಅವತ್ತು ನಿನ್ನ ವೆಲ್ಡಿಂಗ್ ಅಂಗಡಿಯಲ್ಲಿ ಆ ಪೆಟ್ರೋಲ್ ಡ್ರಮ್ ಸಿಡಿದು ನಿನ್ನ ಎಡಗೈ ಸುಡುವ ಮುಂಚೆ ನೀನು, "ನೀರು ತುಂಬಿ ಕುಯ್ಯೋಣ ಮಾವ" ಅಂದೆ. ನಾನು ಮೂಸಿ, "ನನ್ದು ನಾಯಿ ಮೂಗು ಕಣೋ. ಒಳ್ಗೆ ಏನೂ ಇಲ್ಲ, ಕುಯ್ಯಿ" ಅಂದೆ. ನೀನು ಅದನ್ನು ಯಾರಿಗೂ ಹೇಳಲಿಲ್ಲ. ಅಕ್ಕ ನಿನ್ನನ್ನು ಎಚ್ಚರಿಕೆಯಿಲ್ಲದವನು ಅಂದಾಗಲೆಲ್ಲ ನಾನೂ ತಲೆಯಾಡಿಸಿದೆ. ಇವತ್ತು ಬೆಳಿಗ್ಗೆ ಅವಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. "ಅವ್ನು ನನ್ಗೆ ಯಾಕೆ ಹೇಳ್ಲಿಲ್ಲ?" ಅಂತ ಒಂದೇ ಮಾತು ಕೇಳಿ ಇಟ್ಟುಬಿಟ್ಟಳು. ಈ ಕಾಗದ ಸೇರುವಷ್ಟರಲ್ಲಿ ನಿನ್ನನ್ನೂ ಕೇಳಿರುತ್ತಾಳೆ. ಅವಳಿಗೆ ಏನು ಹೇಳಿದೆಯೋ ಅದನ್ನು ನನಗೂ ಬಂದು ಹೇಳು.