ಅಮ್ಮನ ಖಾತೆಗೆ ನುಗ್ಗಿದ ಕಳ್ಳ

ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಪಾರ್ಡನ್ ಮಿ. 'ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಮುಂದೇನು ಎಂಬುದು ಮರೆತಿದೆ. ಮಂಡಿನೋವೂ ಇದೆ, ಹಸಿವೂ ಇದೆ. ಅಂದರೆ ಚೆನ್ನಾಗಿದ್ದೇನೆ.

ತಡಕ್ಕೆ ಕಾರಣ ನಿನ್ನಮ್ಮನ ಕಂಪ್ಯೂಟರು. ಅವಳು ಅದನ್ನು ವಿಜ್ಞಾನಿಗಳ ಯೋಜನೆಯೊಂದಕ್ಕೆ ಸೇರಿಸಿದ್ದಳಲ್ಲ. ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದು: ಔಷಧಿಯ ದೊಡ್ಡ ಲೆಕ್ಕವನ್ನು ಚೂರುಚೂರು ಮಾಡಿ ಲೋಕದ ಮನೆಮನೆಗೆ ಕಳಿಸುತ್ತಾರೆ, ನಮ್ಮ ಯಂತ್ರ ಬಿಡುವಿದ್ದಾಗ ತನ್ನ ಪಾಲಿನ ಚೂರು ಬಿಡಿಸಿ ವಾಪಸು ಕೊಡುತ್ತದೆ, ಅದಕ್ಕೆ ಅವಳ ಖಾತೆಗೆ ಅಂಕ ಸೇರುತ್ತದೆ. ಅವಳು ಹೋದ ಮೇಲೂ ನಾನದನ್ನು ಆರಿಸಲಿಲ್ಲ. ಅವಳ ಹೆಸರಿನ ಮುಂದೆ ಅಂಕ ಏರುತ್ತಿದ್ದರೆ, ಒಳಕೋಣೆಯಲ್ಲಿ ಏನೋ ಕೆಲಸದಲ್ಲಿದ್ದಾಳೆ ಅನ್ನಿಸುತ್ತಿತ್ತು.

ಧೂಳು ಕೂರದಿರಲೆಂದು ಅದಕ್ಕೆ ಅವಳ ಶಾಲು ಹೊದಿಸಿದ್ದೆ. ಸೆಖೆಗೆ ಉಸಿರುಕಟ್ಟಿ ಹೋದ ತಿಂಗಳು ಕಣ್ಣುಮುಚ್ಚಿತು. ನನಗೆ ಊಟ ಸೇರಲಿಲ್ಲ. ಅವಳ ಅಂಕ ಅಲ್ಲಿಗೇ ನಿಂತಿತಲ್ಲ, ಎರಡನೇ ಸಲ ಅವಳನ್ನು ಕಳುಹಿಸಿಕೊಟ್ಟ ಹಾಗಾಯಿತು.

ರಿಪೇರಿ ಅಂಗಡಿಯವನು ಬಿಚ್ಚಿ ನೋಡಿ, "ಏನ್ ಸಾರ್, ಇದಕ್ಕೆ ಚಳಿಜ್ವರ ಬಂದಿತ್ತಾ, ಶಾಲು ಹೊದಿಸೋಕೆ?" ಎಂದ. ಆಮೇಲೆ ತನ್ನ ಕಂಪ್ಯೂಟರಿನಲ್ಲಿ ಅಮ್ಮನ ಖಾತೆ ತೆರೆದ. ನೋಡಿದರೆ ಅಂಕ ನಿಂತೇ ಇಲ್ಲ! ಹಿಂದಿನ ದಿನದ್ದೂ ಸೇರಿದೆ.

"ಅಯ್ಯಯ್ಯೋ, ಯಾರೋ ಕಳ್ಳ ನುಗ್ಗಿದ್ದಾನೆ ಕಣಪ್ಪಾ! ಪೊಲೀಸರಿಗೆ ಹೇಳೋಣ."

"ಯಾವ ಕಳ್ಳ ಸಾರ್ ಮನೆಗೆ ನುಗ್ಗಿ ಪಾತ್ರೆ ತೊಳೆದು ಹೋಗ್ತಾನೆ? ಇನ್ನೊಂದು ಮಷಿನ್ನೂ ಇದೇ ಖಾತೆಗೆ ದುಡೀತಿದೆ, ಅಷ್ಟೆ. ಅದಕ್ಕೆ 'ಗಡಿಬಿಡಿ' ಅಂತ ಹೆಸರಿಟ್ಟಿದಾರೆ. ಯಾರದು?"

ನಿನ್ನನ್ನು ಹಾಗೆ ಕರೆಯುತ್ತಿದ್ದವಳು ನಿನ್ನಮ್ಮ ಒಬ್ಬಳೇ.

"ನನ್ನ ಮಗಳು."

"ಹಾಗಾದ್ರೆ ಬಿಡಿ, ಪೊಲೀಸರು ಬೇಡ" ಎಂದು ನಕ್ಕು ನನಗೆ ಕುಡಿಯಲು ನೀರು ಕೊಟ್ಟ.

ಅಂದು ಎದೆಯ ಮೇಲಿನ ಕಲ್ಲು ಇಳಿಯಿತು ಕಣಮ್ಮಾ. ಮನೆಗೆ ಬಂದು ಹೊಟ್ಟೆತುಂಬ ಉಂಡೆ. ಈಗ ಯಂತ್ರಕ್ಕೆ ಹೊಸ ಫ್ಯಾನು ಹಾಕಿಸಿದ್ದೇನೆ, ನಮ್ಮದೂ ಓಡುತ್ತಿದೆ.

ನಿನಗೂ ಅಳಿಯಂದಿರಿಗೂ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಯುವರ್ ಒಬೀಡಿಯೆಂಟ್ (ಇದು ಮಕ್ಕಳು ಬರೆಯುವುದೋ ಏನೋ, ಇರಲಿ ಬಿಡು),
ಅಪ್ಪ

ಮರೆತ ಮಾತು: 'ಗಡಿಬಿಡಿ' ಸೇರಿದ ದಿನವನ್ನೂ ಅಂಗಡಿಯವನು ತೋರಿಸಿದ. ಅಮ್ಮ ಹೋದ ಮಾರನೆಯ ದಿನ. ಅಂದು ನೀನು ಇಲ್ಲೇ, ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದೆ. ನೀನು ಅತ್ತೀಯೆಂದು ನಾನು ಅಳಲಿಲ್ಲ. ನೀನೂ ಹಾಗೇ ಅಂದುಕೊಂಡೆಯೇನೋ. ಅಂದಿನಿಂದ ಫೋನಿನಲ್ಲಿ ಮಂಡಿನೋವು, ಬಿಸಿಲು, ತರಕಾರಿ ಎಲ್ಲ ಮಾತಾಡಿದ್ದೇವೆ, ಅವಳ ಹೆಸರೊಂದನ್ನು ಬಿಟ್ಟು. ಮುಂದಿನ ಸಲ ಅವಳ ಮಾತೆತ್ತು ಮಗಳೇ. ನನಗೆ ಒಬ್ಬನಿಗೇ ಆಗುತ್ತಿಲ್ಲ.