ಬಲ್ಬಿನ ಗುರುತು

ಶನಿವಾರ, ಹದಿನಾಲ್ಕನೇ ತಾರೀಕು
ಮಧ್ಯಾಹ್ನ, ಊಟವಾದ ಮೇಲೆ

ಮಹಾನ್ ಕಲಾವಿದರೂ, ಕಾಗದಪತ್ರದ ಮಟ್ಟಿಗೆ ಇನ್ನೂ ನನ್ನ ಗಂಡನೂ ಆಗಿರುವ ನಿಮಗೆ,

ನಿಮ್ಮ ಪತ್ರ ತಲುಪಿತು. "ನಮ್ಮ ಸಂಬಂಧದೊಳಗಿನ ನೀಲಿಯನ್ನು ಜಗತ್ತು ಈಗ ಗುರುತಿಸುತ್ತಿದೆ" ಎಂಬ ಮೊದಲ ಸಾಲು ಓದಿ, ಇದು ಬೇರೆ ಯಾರಿಗೋ ಬರೆದದ್ದು, ವಿಳಾಸ ತಪ್ಪಿ ನಮ್ಮ ಬಾಗಿಲಿಗೆ ಬಂದಿದೆ ಎಂದುಕೊಂಡೆ. ಕೊನೆಯ ಪುಟದಲ್ಲಿ ಹಾರ್ಡ್ ಡಿಸ್ಕ್ ಕೇಳಿದ್ದನ್ನು ನೋಡಿದ ಮೇಲೆ ನಿಮ್ಮದೇ ಎಂದು ಖಾತ್ರಿಯಾಯಿತು. ಪ್ರದರ್ಶನದ ಫೋಟೋಗಳು ಪುಸ್ತಕವಾಗುತ್ತಿವೆ, ಮುದ್ರಣಕ್ಕೆ ಕ್ಯಾಮೆರಾದ ಮೂಲ ರಾ ಫೈಲುಗಳು ಬೇಕು, ಅವು ನನ್ನ ಬಳಿ ಉಳಿದುಬಿಟ್ಟಿವೆ. ಜೊತೆಗೆ ಫೋಟೋಗಳಲ್ಲಿರುವ ಹೆಂಡತಿ ಮಗಳು ಇಬ್ಬರ ಪರವಾಗಿ, ಅಚ್ಚು ಹಾಕಲು ಅಭ್ಯಂತರವಿಲ್ಲ ಎಂದು ನಾನು ಸಹಿ ಮಾಡಿಕೊಡಬೇಕು. ವಿಷಯ ಇಷ್ಟೇ. ಇದಕ್ಕೆ ಅಷ್ಟೊಂದು ವೇದಾಂತ ಬೇಕಿತ್ತೇ?

ನೀವು ನೀವು ಎಂದು ಬರೆದು ಆಗಲೇ ಕೈ ನೋಯುತ್ತಿದೆ. ಇನ್ನು ಮುಂದೆ ನೀನು.

ನಿನ್ನ "ನೀಲಿ ಮನೆ" ಪ್ರದರ್ಶನಕ್ಕೆ ನಾನು ಹೋಗಿದ್ದೆ. ಕರೆದಿರಲಿಲ್ಲ ಅಲ್ಲವೇ, ಅದಕ್ಕೇ ಹೋದೆ. ಊಟದ ವಿರಾಮದಲ್ಲಿ, ಆಫೀಸಿನ ಗುರುತಿನ ಚೀಟಿ ಕೊರಳಲ್ಲಿ ನೇತಾಡುತ್ತಿದ್ದ ಹಾಗೆಯೇ. ನೆಲ ಒರೆಸಿದ ವಾಸನೆ ಇನ್ನೂ ಹೋಗಿರಲಿಲ್ಲ. ಜನ ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ, ಸತ್ತವರ ಮನೆಯಲ್ಲಿ ನಿಲ್ಲುವಂತೆ ನಿಂತಿದ್ದರು. ನಮ್ಮ ಅಡುಗೆಮನೆ, ನಮ್ಮ ಸಿಂಕು, ಕಿಟಕಿಯ ಪಕ್ಕ ನಿಂತ ನಾನು, ಎಲ್ಲವೂ ಶಾಯಿಯಲ್ಲಿ ಅದ್ದಿ ತೆಗೆದಂತೆ ನೀಲಿ. ನಾನು ತುಟಿ ಬಿಗಿಹಿಡಿದು ಕ್ಯಾಮೆರಾ ಕಡೆ ನೋಡುತ್ತಿರುವ ಆ ದೊಡ್ಡ ಫೋಟೋದ ಕೆಳಗೆ "ಮೌನ" ಎಂದು ಬರೆದಿತ್ತು. ನಾನು! ಮೌನ! ಮದುವೆಯಾದಷ್ಟೂ ಕಾಲ ನನ್ನ ಬಾಯಿ ಮುಚ್ಚಿಸಲಾಗದೆ ಒದ್ದಾಡಿದವನು ನೀನು.

ಗ್ಯಾಲರಿ ನಡೆಸುವ ಆ ದಪ್ಪ ಕನ್ನಡಕದ ಮಹಾತಾಯಿ ನನ್ನ ಪಕ್ಕಕ್ಕೇ ಬಂದು ನಿಂತರು. ನನ್ನ ಗುರುತು ಹತ್ತಲಿಲ್ಲ. ನೀಲಿಯಾಗಿದ್ದರೆ ಹತ್ತುತ್ತಿತ್ತೋ ಏನೋ. "ಈಕೆ ಒಳಗೊಳಗೇ ಸತ್ತು ಹೋಗಿದಾಳೆ, ನೋಡಿ. ಆ ಕಣ್ಣಲ್ಲಿ ಏನೂ ಉಳಿದಿಲ್ಲ" ಎಂದು ನನಗೇ ನನ್ನನ್ನು ವಿವರಿಸಿದರು. ನಾನು "ಹೌದು ಪಾಪ" ಎಂದು ತಲೆಯಾಡಿಸಿದೆ. ಬೇರೆ ಏನು ಹೇಳಲಿ? ಸತ್ತವಳು ಎರಡು ಗಂಟೆಗೆ ಆಫೀಸಿಗೆ ವಾಪಸು ಹೋಗಬೇಕಿತ್ತು.

ಈಗ ನಿನ್ನ ನೀಲಿಯ ಜನ್ಮರಹಸ್ಯಕ್ಕೆ ಬರುತ್ತೇನೆ. ಗ್ಯಾಲರಿಯವರಿಗೆ ಗೊತ್ತಿಲ್ಲ, ನಿನ್ನನ್ನು ಹೊಗಳಿ ಬರೆದ ವಿಮರ್ಶಕನಿಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲವೇನೋ ಎಂಬ ಅನುಮಾನ ನನ್ನದು. ಆದ್ದರಿಂದ ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳುತ್ತೇನೆ, ಕೇಳಿಸಿಕೋ.

ನೀನು ಮದುವೆ ಛತ್ರಗಳಲ್ಲಿ ಫೋಟೋ ತೆಗೆಯುತ್ತಿದ್ದೆ. ಅಲ್ಲಿನ ದೀಪಗಳು ಹಳದಿ. ಅದಕ್ಕಾಗಿ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಬಲ್ಬಿನ ಗುರುತಿಗೆ ತಿರುಗಿಸುತ್ತಿದ್ದೆ. ಆಗ ಕ್ಯಾಮೆರಾ ಆ ಹಳದಿಯನ್ನು ಹೊಡೆದುಹಾಕಲು ಎಲ್ಲದಕ್ಕೂ ಒಂದು ಪಾಲು ನೀಲಿ ಬೆರೆಸುತ್ತದೆ, ಮದುಮಗನ ಬಿಳಿ ಅಂಗಿ ಬಿಳಿಯಾಗಿಯೇ ಕಾಣುತ್ತದೆ. ಇಷ್ಟನ್ನು ನಿನಗೆ ಯಾರೋ ಹೇಳಿಕೊಟ್ಟಿದ್ದರು. ಛತ್ರದಿಂದ ಹೊರಬಿದ್ದ ಮೇಲೆ ಅದನ್ನು ವಾಪಸು ತಿರುಗಿಸಬೇಕು ಎಂದು ಅವರು ಹೇಳುವಷ್ಟರಲ್ಲಿ ನೀನು ಎದ್ದು ಬಂದಿರಬೇಕು. ಮರುದಿನ ಬೆಳಿಗ್ಗೆ ಅದೇ ಕ್ಯಾಮೆರಾ ಹಿಡಿದು ಕಿಟಕಿಯ ಬಿಸಿಲಲ್ಲಿ ನಮ್ಮನ್ನು ತೆಗೆಯುತ್ತಿದ್ದೆ. ಹೊಡೆದುಹಾಕಲು ಅಲ್ಲಿ ಹಳದಿ ದೀಪವೇ ಇಲ್ಲ, ಬೆರೆಸಿದ ನೀಲಿ ಮಾತ್ರ ಉಳಿಯಿತು. ನಿನ್ನ ದರ್ಶನ, ನಿನ್ನ ವಿಷಾದ, ನಮ್ಮ ದಾಂಪತ್ಯದ ಶೈತ್ಯ ಎಲ್ಲವೂ ಇಷ್ಟೇ. ಬಲ್ಬಿನ ಗುರುತು ತೆಗೆಯಲು ಮರೆತ ಒಬ್ಬ ಸೋಮಾರಿ.

ಪ್ರತಿ ಸಲ ಕಂಪ್ಯೂಟರಿನ ಮುಂದೆ ಕೂತು ಸರಿಮಾಡುತ್ತಿದ್ದವಳು ನಾನು. ನೀನು ಚಹಾ ಲೋಟ ಹಿಡಿದು ಬೆನ್ನ ಹಿಂದೆ ನಿಂತು, "ಏನೋ ಸ್ವಲ್ಪ ನೀಲಿ ಬಂದ್ಬಿಟ್ಟಿದೆ ನೋಡು" ಎನ್ನುತ್ತಿದ್ದೆ, ನೀಲಿ ತಾನಾಗಿಯೇ ನಡೆದುಕೊಂಡು ಬಂದಂತೆ. ಮೊದಲೇ ಗುರುತು ಬದಲಿಸಬಾರದೇ ಎಂದು ಕೇಳಿದರೆ, "ರಾ ಅಲ್ವಾ, ಆಮೇಲೆ ನೋಡ್ಕೋಬಹುದು ಬಿಡು." ನಿಜ, ರಾ ಫೈಲಿನಲ್ಲಿ ಬೆಳಕು ಹಸಿಯಾಗಿಯೇ ಉಳಿದಿರುತ್ತದೆ, ಬಣ್ಣವನ್ನು ಆಮೇಲೆ ಎಷ್ಟು ಬೇಕಾದರೂ ತಿದ್ದಬಹುದು. ನೀನು ಆ ಒಂದು ಸವಲತ್ತನ್ನು ಇಡೀ ಸಂಸಾರಕ್ಕೆ ಹಬ್ಬಿಸಿದೆ. ಸೋರುವ ನಲ್ಲಿ ಆಮೇಲೆ. ಮಗಳ ಶಾಲೆಯ ಸಭೆ ಆಮೇಲೆ. ನನಗೆ ಜ್ವರ ಬಂದಾಗ ಡಾಕ್ಟರು ಕೂಡ ಆಮೇಲೆ. ಆಮೇಲೆ ನೋಡಿಕೊಳ್ಳುವವಳು ಒಬ್ಬಳು ಇದ್ದಳು, ನಿನಗೇನು.

ಅವಳು ಮಗಳನ್ನು ಕರೆದುಕೊಂಡು ಹೊರಟು ಬಂದಳು. ರಾ ಫೈಲುಗಳ ಡಿಸ್ಕ್ ನನ್ನ ಜೊತೆ ಬಂತು, ನಾನು ತಿದ್ದದೆ ಉಳಿದ ಫೋಟೋಗಳ ಪ್ರತಿಗಳು ನಿನ್ನ ಲ್ಯಾಪ್‌ಟಾಪಿನಲ್ಲಿ ನೀಲಿಯಾಗಿಯೇ ಕೊಳೆಯುತ್ತಿದ್ದವು. ಕನ್ನಡಕದ ಮಹಾತಾಯಿ ನೋಡಿ "ಆಹಾ, ಈ ನೀಲಿ!" ಎಂದಿರುತ್ತಾರೆ. ನೀನು ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ಗಡ್ಡ ಕೆರೆದುಕೊಂಡು "ಹೌದು, ಆ ನೀಲಿ" ಎಂದಿರುತ್ತೀ. ನಾನು ಅಲ್ಲಿ ಇರಲಿಲ್ಲ, ಆದರೂ ನಿನ್ನ ಗಡ್ಡ ನನಗೆ ಗೊತ್ತು.

ಇದಿಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ನಾನೀಗ ಟೈಲ್ಸ್ ಕಂಪನಿಯ ಕ್ಯಾಟಲಾಗಿನಲ್ಲಿ ಬಣ್ಣ ತಿದ್ದುವವಳು. ಹಾಲಿನ ಬಿಳಿ, ಮುತ್ತಿನ ಬಿಳಿ, ಮೊಟ್ಟೆಯ ಚಿಪ್ಪಿನ ಬಿಳಿ, ಒಂದು ಇನ್ನೊಂದಾದರೆ ಗಿರಾಕಿ ಮಾಲನ್ನು ಗಾಡಿ ಸಮೇತ ವಾಪಸು ಕಳಿಸುತ್ತಾನೆ. ಬಚ್ಚಲಮನೆಯ ನೆಲಕ್ಕೆ ಇರುವಷ್ಟು ಮರ್ಯಾದೆ ಕಲೆಗೆ ಇಲ್ಲ ಎಂದುಕೊಂಡು ಕೈ ತೊಳೆದುಕೊಳ್ಳುತ್ತಿದ್ದೆ.

ಆದರೆ ನೀನು ಮಗಳು ಗುಬ್ಬಿಯನ್ನು ಆ ಪ್ರದರ್ಶನಕ್ಕೆ ಕರೆದುಕೊಂಡು ಹೋದೆ.

ಆ ಮನೆ ಬಿಟ್ಟಾಗ ಅವಳಿಗೆ ಐದು ತುಂಬಿತ್ತು ಅಷ್ಟೇ. ಅವಳ ತಲೆಯಲ್ಲಿ ಆ ಮನೆ ಉಳಿದಿದ್ದೇ ಚೂರುಪಾರು. ನಿನ್ನ ಜೊತೆ ಹೋಗಿ ಬಂದ ದಿನ ಊಟ ಸೇರಲಿಲ್ಲ. ಮಲಗಿಸುವಾಗ, "ಅಮ್ಮಾ, ಆ ಮನೇಲಿ ಯಾವಾಗ್ಲೂ ಚಳಿ ಇತ್ತಾ?" ಎಂದು ಕೇಳಿದಳು. ಇಲ್ಲ ಪುಟ್ಟ, ಅಡುಗೆಮನೆ ಹಳದಿ ಇತ್ತು, ಬೆಳಿಗ್ಗೆ ಬಿಸಿಲು ನೆಲದ ತನಕ ಬರುತ್ತಿತ್ತು ಎಂದೆ. "ಸುಳ್ಳು. ಫೋಟೋದಲ್ಲಿ ನೀಲಿ ಇದೆ. ನೀನು ಅಳೋ ಹಾಗಿದೀಯ. ನಾನಿದ್ರೂ ನಿಂಗೆ ಬೇಜಾರೇ ಆಗ್ತಿತ್ತಾ?"

ಆ ಪ್ರಶ್ನೆಯನ್ನು ಇನ್ನೊಮ್ಮೆ ಓದು. ಪುಸ್ತಕದ ಮುನ್ನುಡಿಗೆ ಬೇಕಾದರೆ ಹಾಕಿಕೋ.

ಶಾಲೆಯಲ್ಲಿ ಮನೆಯ ಚಿತ್ರ ಬರೆಯಲು ಹೇಳಿದರೆ ಬಾಗಿಲಿನಿಂದ ಹಿಡಿದು ನನ್ನ ಮೂಗಿನ ತನಕ ನೀಲಿ ತೀಡಿ ತಂದಳು. ನನಗೆ ಮೈಯೆಲ್ಲಾ ಉರಿದುಹೋಯಿತು. ಆ ಅಡುಗೆಮನೆಯ ಗೋಡೆಗೆ ಹಳದಿ ಬಣ್ಣ ಬಳಿದವರು ನಾನು ನೀನು ಇಬ್ಬರೇ. ಒಲೆಯ ಪಕ್ಕದಲ್ಲಿ ಡಬ್ಬ ಖಾಲಿಯಾಗಿ ಎರಡನೇ ಸಲ ಬಳಿಯದೆ ಬಿಟ್ಟ ತೇಪೆ ಕೊನೆಯವರೆಗೂ ಹಾಗೆಯೇ ಇತ್ತು. ನೀನು ಒಬ್ಬ ಕೆಟ್ಟ ಗಂಡ, ಇರಲಿ, ಅದು ನನ್ನ ನಿನ್ನ ಲೆಕ್ಕ. ಆದರೆ ಅವಳಿಗಿದ್ದ ಒಂದು ಹಳದಿ ಅಡುಗೆಮನೆಯನ್ನು ಕಿತ್ತುಕೊಳ್ಳಲು ನೀನು ಯಾರು? ಅದೂ ಬೇಕೆಂದು ಕಿತ್ತುಕೊಂಡಿದ್ದಲ್ಲ. ಗಮನವಿಲ್ಲದೆ! ದ್ವೇಷದಿಂದ ಮಾಡಿದ್ದರೆ ನಿನ್ನ ಮೇಲೆ ಸ್ವಲ್ಪ ಗೌರವವಾದರೂ ಉಳಿಯುತ್ತಿತ್ತು.

ಹೋದ ಭಾನುವಾರ ಹಾರ್ಡ್ ಡಿಸ್ಕ್ ಹೊರತೆಗೆದೆ. ಗುಬ್ಬಿಯನ್ನು ಎರಡು ದಿಂಬಿನ ಮೇಲೆ ಕೂರಿಸಿ, "ಮೌನ"ದ ರಾ ಫೈಲು ತೆರೆದು, ಮೌಸು ಅವಳ ಕೈಗೇ ಕೊಟ್ಟೆ. ಇದರಲ್ಲಿ ನಿಜವಾಗಿ ಬಣ್ಣವಿಲ್ಲದ ವಸ್ತು ಯಾವುದು ಹುಡುಕು, ಅದರ ಮೇಲೆ ಈ ಡ್ರಾಪರ್, ಇಗೋ ಈ ಪುಟ್ಟ ಪಿಚಕಾರಿ ಗುರುತು, ಇಟ್ಟು ಒತ್ತು, ಆಗ ಉಳಿದದ್ದೆಲ್ಲ ಅದರ ಪ್ರಕಾರ ಸರಿಹೋಗುತ್ತದೆ ಎಂದೆ. ಮೊದಲು ಗೋಡೆಯ ಮೇಲೆ ಒತ್ತಿದಳು. ಹಳದಿಯೂ ನಿನ್ನ ನೀಲಿಯೂ ಬೆರೆತು ಗೋಡೆ ಬಿಳಿಚಿಕೊಂಡು ಕಾಣುತ್ತಿತ್ತಲ್ಲ, ಅದನ್ನೇ ಬಿಳಿ ಎಂದುಕೊಂಡಿತು ಮಗು. ಗೋಡೆ ಬೂದಿ ಬಣ್ಣವಾಯಿತು, ನಾನು ನೀಲಿಯಾಗಿಯೇ ಉಳಿದೆ. ನೀನಾಗಿದ್ದರೆ ಅದನ್ನೂ ಉಳಿಸಿ "ಬೂದಿ ಮನೆ" ಎಂದು ಎರಡನೇ ಪ್ರದರ್ಶನ ಇಡುತ್ತಿದ್ದೆ. ಆಮೇಲೆ ಬಾಗಿಲಿಗೆ ನೇತುಹಾಕಿದ್ದ ನಿನ್ನ ಅಂಗಿಯ ಮೇಲೆ ಒತ್ತಲು ಹೋದಳು. ಅದು ಬೇಡ, ನಿಮ್ಮಪ್ಪನ ಅಂಗಿ ಯಾವತ್ತೂ ಸರಿಯಾಗಿ ಬಿಳಿ ಇರಲಿಲ್ಲ ಎಂದೆ. ಕೊನೆಗೆ ಸಿಂಕಿನ ಅಂಚು ಸಿಕ್ಕಿತು. ಒತ್ತಿದಳು.

ಗೋಡೆ ಹಳದಿಯಾಯಿತು. ಬಕೆಟ್ಟು ಕೆಂಪಾಯಿತು. ನೆಲದ ಮೇಲೆ ಬಿಸಿಲು ಬಿತ್ತು. "ಅಯ್ಯೋ, ಇದು ನಮ್ಮನೆ!" ಎಂದು ದಿಂಬಿನ ಮೇಲಿಂದ ಜಾರಿ ಬೀಳುವ ಹಾಗೆ ಕೂಗಿದಳು. ಪರದೆಯಲ್ಲಿ ಒಲೆಯ ಪಕ್ಕದ ತೇಪೆಯನ್ನು ಮುಟ್ಟಿ ಮುಟ್ಟಿ ನೋಡಿದಳು, ನೆನಪಿದೆ ಎಂದಳು. ಆಮೇಲೆ ನನ್ನ ಮುಖವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. "ಅಮ್ಮಾ, ನೀನು ಅಳ್ತಾ ಇಲ್ಲ. ನಗು ತಡ್ಕೊಂಡಿದೀಯ. ನಾನು ತಪ್ಪುತಪ್ಪಾಗಿ ಹಾಡಿದಾಗ ಹೀಗೇ ಮಾಡ್ತೀಯ." ಅವಳು ಹೇಳಿದ್ದು ಸರಿ. ನಿನ್ನ ವಿಮರ್ಶಕನಿಗಿಂತ ಅವಳಿಗೆ ಕಣ್ಣು ಕಾಣುತ್ತದೆ.

ಈಗ ನನ್ನ ಷರತ್ತು. ಡಿಸ್ಕ್ ಈ ಪತ್ರದ ಜೊತೆಗೇ ಇದೆ. ಗುಬ್ಬಿ ಇರುವ ಫೋಟೋಗಳನ್ನೆಲ್ಲ ನಾನು ತಿದ್ದಿ ಬೇರೆ ಇಟ್ಟಿದ್ದೇನೆ. ಪುಸ್ತಕದಲ್ಲಿ ಅವಳು ಎಲ್ಲೆಲ್ಲಿ ಇದ್ದಾಳೋ ಅಲ್ಲೆಲ್ಲ ಅವೇ ಬರಬೇಕು. ಇಲ್ಲವಾದರೆ ಸಹಿ ಇಲ್ಲ, ಏನು ತಿಪ್ಪರಲಾಗ ಹಾಕಿದರೂ ಇಲ್ಲ. ನನ್ನನ್ನು ಎಷ್ಟು ನೀಲಿ ಬೇಕಾದರೂ ಮಾಡಿಕೋ, ಸಾಯಿಸು, ಮೌನ ಮಾಡು. ನಿನ್ನ ಗುಟ್ಟನ್ನು ಗ್ಯಾಲರಿಯವರಿಗೆ ನಾನು ಹೇಳುವುದಿಲ್ಲ. ಅಳುವವರು ಅಳಲಿ, ನನಗೇನು ನಷ್ಟ.

ಆದರೆ ಗುಬ್ಬಿಗೆ ನೀನು ಹೇಳಬೇಕು. ನಾಳೆ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ಇಲ್ಲಿಗೆ ಬಂದು, ಅವಳ ಎದುರು ಕೂತು, ಕ್ಯಾಮೆರಾ ತಪ್ಪು ಗುರುತಿನಲ್ಲಿತ್ತು, ನಾನು ನೋಡಲಿಲ್ಲ ಎಂದು ನಿನ್ನ ಬಾಯಲ್ಲೇ ಹೇಳಬೇಕು. ದೃಷ್ಟಿಕೋನ, ಒಳಬೆಳಕು ಎಂದೆಲ್ಲ ಕೊರೆದೆಯೋ, ಅಲ್ಲಿಂದಲೇ ಎಬ್ಬಿಸಿ ಕಳಿಸುತ್ತೇನೆ. ಅಂಥ ಮಾತು ಕೇಳಿ ತಲೆದೂಗುವ ವಯಸ್ಸು ಅವಳಿಗಿನ್ನೂ ಬಂದಿಲ್ಲ, ಪುಣ್ಯ. ಆಮೇಲೆ ಹೇಳುತ್ತೇನೆ ಎಂದು ಮಾತ್ರ ಬರೆಯಬೇಡ.

ಇಂತು,
ನಿನ್ನ ಪುಟಪುಟದಲ್ಲೂ ಒಳಗೊಳಗೇ ಸಾಯುತ್ತಾ, ಇಲ್ಲಿ ಆರಾಮವಾಗಿ ಇರುವವಳು

ತಾ.ಕ.: ಆ ಫೋಟೋದಲ್ಲಿ ನಾನು ಯಾರನ್ನು ನೋಡಿ ನಗು ತಡೆದುಕೊಂಡಿದ್ದೆ, ಅವರು ಏನು ಮಾಡುತ್ತಿದ್ದರು ಎಂದು ಗುಬ್ಬಿ ಕೇಳಿದಳು. ನೆನಪಿಲ್ಲ ಎಂದೆ. ಹಾಗಾದರೆ ಅಪ್ಪನನ್ನೇ ಕೇಳುತ್ತೇನೆ ಎಂದಿದ್ದಾಳೆ. ಕ್ಯಾಮೆರಾದ ಹಿಂದೆ ಇದ್ದವನು ನೀನೊಬ್ಬನೇ, ನಿನಗೆ ನೆನಪಿರಬಹುದು. ಕೇಳಿದರೆ ಹೇಳು. ನಾನು ಒಳಗೆ ಅಡುಗೆಮನೆಯಲ್ಲಿರುತ್ತೇನೆ. ಅಲ್ಲಿಗೆ ಕೇಳಿಸುವ ಹಾಗೆ ಹೇಳು.