ಗೇಟಿನ ಮೇಲಿನ ತಿಮಿಂಗಿಲ

ಫೆಬ್ರವರಿ 9, ಬೆಳಿಗ್ಗೆ

ಕುಂಚ ತೊಳೆದಿಟ್ಟೆ. ಟೀ ಆರಿಹೋಗಿದೆ. ಪಾರ್ಕಿನಲ್ಲಿ ಕಟ್ಟುತ್ತಿರುವ ದೋಣಿ ಸವಾರಿಯ ಮೂರನೇ ತಿರುವಿನ ಚಿತ್ರಕ್ಕೆ ಇನ್ನೊಂದು ಕೈ ನೀಲಿ ಬೇಕು.

ಪಾರ್ಕಿನ ಗೇಟಿಗೆ ನನ್ನ ತಿಮಿಂಗಿಲದ ಚಿತ್ರ ಏರಿಸಿದ್ದಾರೆ. ಎರಡು ಅಂತಸ್ತಿನಷ್ಟು ಎತ್ತರ. ಕತ್ತಲ ಕೊಳ, ಅದರಲ್ಲೊಂದು ದೋಣಿ, ದೋಣಿಯಲ್ಲಿ ಪುಟ್ಟ ಪುಟ್ಟ ಜನ. ಅವರ ತಲೆಯ ಮೇಲೆ ನೆಟ್ಟಗೆ ಎದ್ದು ನಿಂತ ಇಡೀ ಪ್ರಾಣಿ, ಮೂತಿಯಿಂದ ಬಾಲದ ತನಕ. ಬಾಲವೊಂದಕ್ಕೇ ಹನ್ನೊಂದು ದಿನ ಹಿಡಿದಿತ್ತು. ಬಸ್ಸಿಳಿದವರು ನಿಂತು ನೋಡುತ್ತಾರೆ. ಹೆಮ್ಮೆಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಫೆಬ್ರವರಿ 11

ಎಂಜಿನಿಯರ್ — ಬೆನ್ನ ಹಿಂದೆ ಎಲ್ಲರಿಗೂ ಅವರು ‘ಅಳತೆಪಟ್ಟಿ’ — ನನ್ನ ಮೇಜಿನ ಮೇಲಿದ್ದ ಮೂಲ ಚಿತ್ರಕ್ಕೆ ಸ್ಕೇಲ್ ಇಟ್ಟರು.

"ಮೇಡಂ, ದೋಣೀಲಿರೋರು ಎಷ್ಟು ಎತ್ತರ?"

"ಮಾಮೂಲಿ ಜನ ಸಾರ್."

"ಹಂಗಾದ್ರೆ ತಿಮಿಂಗಿಲ ಅರವತ್ತು ಅಡಿ ಎತ್ತರ ಬರುತ್ತೆ. ನನ್ನ ಹಾಲ್‌ನ ಚಾವಣಿ ಇಪ್ಪತ್ತನಾಲ್ಕು. ಇಲ್ಲಾ ನಿಮ್ಮ ಜನ ಎರಡೂವರೆ ಅಡಿ ಇರ್ಬೇಕು."

ಜನರನ್ನು ಕುಗ್ಗಿಸಿದ್ದು ನಾನೇ. ಮನುಷ್ಯ ಚಿಕ್ಕವನಾದರೆ ಮಿಕ್ಕದ್ದೆಲ್ಲ ದೊಡ್ಡದು, ಮೀಟಿಂಗಿನಲ್ಲಿ ಬೇಗ ಒಪ್ಪಿಗೆ. ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುತ್ತಾರೆ. ಆದರೆ ಈ ಸಲ ಗೋಡೆ ಏಳುವ ತನಕ ಯಾರೂ ಅಳೆದು ನೋಡಿರಲಿಲ್ಲ.

ಫೆಬ್ರವರಿ 12, ಸಂಜೆ

ಪಾರ್ಕಿನ ಮಾಲೀಕರಾದ ದೊಡ್ಡ ಸಾಹೇಬರ ಮುಂದೆ ಇಪ್ಪತ್ತನಾಲ್ಕು ಅಡಿಗೆ ಇಳಿಸಿದ ಮಾದರಿ ಇಟ್ಟೆವು. ಸುತ್ತ ಒಮ್ಮೆ ತಿರುಗಿದರು.

"ಇದು ಮೀನಂಗಡೀಲಿ ಸಿಗುತ್ತಲ್ರೀ. ತೆಗ್ದುಹಾಕಿ. ದೊಡ್ಡ ಸ್ಕ್ರೀನ್ ಹಾಕಿ ಸಿನಿಮಾ ಬಿಡೋಣ."

ಎರಡು ವಾರ ಟೈಮ್ ಕೊಡಿ ಅಂದೆ. ತಪ್ಪು ನನ್ನದು ಅಂತಲೂ ಎಲ್ಲರೆದುರು ಹೇಳಿದೆ. ಅಳತೆಪಟ್ಟಿ ತಲೆ ಎತ್ತಿ ನನ್ನ ಮುಖ ನೋಡಿದರು. ಇಪ್ಪತ್ತಾರನೇ ತಾರೀಖು ಕಡೆ ದಿನ. ಬಿಡುವವಳಲ್ಲ ನಾನು. ಸ್ಕ್ರೀನ್ ಎಲ್ಲರ ಮನೆಯಲ್ಲೂ ಇದೆ, ಅದಕ್ಕೆ ದೋಣಿ ಹತ್ತಿ ಬರಬೇಕಾ?

ಫೆಬ್ರವರಿ 17

ಪರೀಕ್ಷೆಗೆಂದು ಹಾಲ್ ಒಳಗೆ ರಟ್ಟಿನ ತಿಮಿಂಗಿಲ ನಿಲ್ಲಿಸಿದ್ದೇವೆ. ದೋಣಿಯ ಬದಲು ಚಕ್ರದ ಕುರ್ಚಿ. ಅದರ ಮುಂದೆ ಕರಿಬಟ್ಟೆಯ ತಗ್ಗು ಸುರಂಗ — ತಲೆ ಬಗ್ಗಿಸಿ ಬಂದವರು ಕತ್ತೆತ್ತಿದಾಗ ಎಲ್ಲ ದೊಡ್ಡದಾಗಿ ಕಾಣಲಿ ಅಂತ. ದೀಪ ಕಡಿಮೆ ಮಾಡಿದೆ. ಕುರ್ಚಿ ಇನ್ನಷ್ಟು ತಗ್ಗಿಸಿದೆ. ಅಳತೆಪಟ್ಟಿ ಕೂತು ಬಂದು "ಪರವಾಗಿಲ್ಲ" ಅಂದರು. ಪರವಾಗಿಲ್ಲ ಅಂತೆ. ಮೈ ಉರಿಯಿತು.

ಫೆಬ್ರವರಿ 20

ಅಮ್ಮನನ್ನು ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಕೂರಿಸಿ ನಾನೇ ತಳ್ಳಿದೆ.

"ಚೆನ್ನಾಗಿದೆ ಕಣೆ."

"ನಿಜ ಹೇಳಮ್ಮ."

"ಸುರಂಗದಿಂದ ಈಚೆ ಬಂದಾಗ ಎದೆ ಝಲ್ ಅಂತು. ಆಮೇಲೆ ಬಾಲ ಕಾಣ್ತು ನೋಡು, ಓ, ಇಷ್ಟೇನಾ ಅನ್ನಿಸ್ತು."

"ಬಾಲ ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದ್ಕೇ ಹೇಳಿದ್ದು. ಅಲ್ಲಿಗೆ ಮುಗೀತಲ್ಲ."

ಮನೆ ಸೇರಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಅವಳು ಕೇಳಿಸಿಯೂ ಕೇಳಿಸದ ಹಾಗೆ ಹೆಸರುಕಾಳು ಆರಿಸುತ್ತ ಕೂತಿದ್ದಳು. ಅವಳು ಹೇಳಿದ್ದು ಸರಿ.

ಫೆಬ್ರವರಿ 21

ಬಾಲ ಕತ್ತರಿಸಿದೆ. ಮೂತಿಯನ್ನೂ. ಇನ್ನು ಒಂದು ಪಕ್ಕೆ, ಒಂದು ಕಣ್ಣು, ಅಷ್ಟೇ. ಕೈಗೆ ಸಿಗುವಷ್ಟು ಹತ್ತಿರ ಹಾದುಹೋಗುತ್ತದೆ. ಮೇಲೆ, ಹಿಂದೆ, ಮುಂದೆ ಎಲ್ಲ ಕಪ್ಪು. ಎಲ್ಲಿ ಮುಗಿಯುತ್ತದೆ ಅಂತ ಯಾರಿಗೂ ಗೊತ್ತಾಗಕೂಡದು.

ಅಳತೆಪಟ್ಟಿ ತಲೆ ಕೆರೆದುಕೊಂಡರು. "ಜನ ಗೇಟಲ್ಲಿ ಇಡೀ ತಿಮಿಂಗಿಲ ನೋಡ್ಕೊಂಡು ಬರ್ತಾರೆ ಮೇಡಂ. ಒಳಗೆ ಇಡೀದು ಇಲ್ವಲ್ಲ."

"ಗೇಟಿಂದು ಇಳಿಸ್ಬಿಡಿ ಸಾರ್."

ಹೇಳಿಬಿಟ್ಟೆ.

ಫೆಬ್ರವರಿ 26

ಸಾಹೇಬರು ಕುರ್ಚಿಯಲ್ಲಿ ಕೂತು ಒಂದು ಸುತ್ತು ಬಂದರು. "ನೀರು ಬಿಟ್ಮೇಲೆ ನೋಡ್ತೀನಿ. ಅಲ್ಲೀವರೆಗೆ ಕಟ್ಟಿ. ಆಗ್ಲೂ ಹಿಡಿಸ್ಲಿಲ್ಲ ಅಂದ್ರೆ ಸ್ಕ್ರೀನೇ." ಸಾಕು. ಕಟ್ಟಿ ಅಂದರಲ್ಲ.

ಮೇ 3

ಗೇಟಿನ ಚಿತ್ರ ಇಳಿಸಿದರು. ಮೂರು ಜನ ಸೇರಿ ಚಾಪೆಯ ಹಾಗೆ ಸುತ್ತಿದರು. ಮನೆಗೆ ಬೇಕಾ ಮೇಡಂ ಅಂತ ಕೇಳಿದರು. ಬೇಡ ಅಂದೆ. ಬೇಕಿತ್ತು. ಆದರೆ ಅದನ್ನು ನೋಡುತ್ತಿದ್ದರೆ ಒಳಗಿನದಕ್ಕೆ ಕೈ ಓಡುವುದಿಲ್ಲ. ಪಕ್ಕೆಗೆ ನಾಲ್ಕನೇ ಸಲ ಬಣ್ಣ ಹಚ್ಚುತ್ತಿದ್ದೇನೆ.

ಜೂನ್ 14, ಮಧ್ಯಾಹ್ನ 4

ಹಾಲ್‌ನ ಹೊರಗೆ, ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ನೀರು ಬಿಟ್ಟು ಮೊದಲ ಸುತ್ತು. ಸಾಹೇಬರು ಮುಂದೆ, ಅಳತೆಪಟ್ಟಿ ಮತ್ತು ನಾನು ಹಿಂದೆ. ತಗ್ಗು ಸುರಂಗ ಬಂತು, ಎಲ್ಲರೂ ತಲೆ ಬಗ್ಗಿಸಿದೆವು. ಆಮೇಲೆ ಕತ್ತಲು, ನೀರಿನ ಸದ್ದು. ಬಲಗಡೆ ಕಣ್ಣು ತೆರೆಯಿತು. ಪಕ್ಕೆ ಶುರುವಾಯಿತು, ಸರಿಯುತ್ತಲೇ ಇತ್ತು. ನಾನು ಅದನ್ನು ನೋಡಲಿಲ್ಲ. ಸಾಹೇಬರ ಬೆನ್ನನ್ನೇ ನೋಡುತ್ತಿದ್ದೆ. ನಿಧಾನಕ್ಕೆ ಹಿಂದಕ್ಕೆ ಬಾಗಿತು. ಕತ್ತು ಮೇಲೆ ಹೋಯಿತು. ದಡ ಬಂದರೂ ಅವರು ಏಳಲಿಲ್ಲ.

"ಸ್ಕ್ರೀನಿನೋರಿಗೆ ಬರೋದು ಬೇಡ ಅಂತ ಫೋನ್ ಮಾಡ್ಬಿಡಿ" ಅಂದರು. ಅಷ್ಟೇ. ನನಗೆ ಅಳು ಬಂತು, ಕೆಮ್ಮಿದ ಹಾಗೆ ಮಾಡಿದೆ.

ಅಳತೆಪಟ್ಟಿ ದೋಣಿ ಇಳಿದ ಮೇಲೆ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, "ಮೇಡಂ, ನನಗೆ ಹೇಳ್ದೆ ಚಾವಣಿ ಎತ್ತರಿಸಿದ್ರಾ?" ಅಂದರು. ಅದನ್ನು ಕಟ್ಟಿಸಿದವರು ಅವರೇ. ಈಗ ಒಳಗೆ ಏಣಿ ಹಾಕಿಸಿಕೊಂಡು ಟೇಪು ಬಿಚ್ಚುತ್ತಿದ್ದಾರೆ. ಕೆಳಗಿನ ತುದಿ ಹಿಡಿಯಲು ನನ್ನನ್ನೇ ಕರೆ—